ಮಾತು ನಿಂತಾಗಿನ ಅಪ್ಪಣೆ

ಚಳಿ ಕಳೆದು ಬಿಸಿಲು ಇನ್ನೂ ಚುರುಕಾಗದ ದಿನಗಳು. ಬೀದಿದೀಪಗಳು ಒಂದೊಂದಾಗಿ ಹತ್ತಿಕೊಳ್ಳುವ ಸಂಜೆಯ ಹೊತ್ತು. ಅದು ಶುರುವಾದದ್ದು ಆಗ, ಅವನ ರಿಪೇರಿ ಅಂಗಡಿಯ ಬೆಂಚಿನ ಮುಂದೆ. ಸುಟ್ಟುಹೋದ ಫ್ಯಾನು, ಮಿಕ್ಸಿ, ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಬಾಗಿಲು ಎಳೆಯಬೇಕು ಎನ್ನುವಾಗ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ, ಟೈಲ್ಸ್ ಅಂಗಡಿಯ ಯಜಮಾನ. ಒಳಗೆ ಬರುವ ಮೊದಲು ಅವನ ನಗು ಬರುತ್ತಿತ್ತು. ಹಿಂದೆಯೇ ಕನ್ನಡಕದ ಅಂಗಡಿಯವನು. ಊರಾಚೆಯ ಮೈದಾನದಲ್ಲಿ ಭಾನುವಾರ ಭಾನುವಾರ ಪುಟ್ಟ ವಿಮಾನ, ಪುಟ್ಟ ಹೆಲಿಕಾಪ್ಟರು ಹಾರಿಸುವವರ ಸಂಘಕ್ಕೆ ಅವನು ಕಾರ್ಯದರ್ಶಿ. ಇಬ್ಬರೂ ಸೇರಿ ಹೊಸ ಹೆಲಿಕಾಪ್ಟರಿನ ಉದ್ದನೆಯ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟರು.

"ವೈರಣ್ಣ, ಮಗು ತಂದಿದ್ದೀನಿ ನೋಡು. ನರ ಜೋಡಿಸೋದು ನಿನ್ನ ಕೆಲಸ, ಹಾರಿಸೋದು ನನ್ನ ಕೆಲಸ" ಎಂದ ಷಡ್ಡಕ.

ಅವನಿಗೆ ವೈರಣ್ಣ ಎಂದು ಹೆಸರಿಟ್ಟವನು ಷಡ್ಡಕನೇ. ಈಗ ಮೈದಾನಕ್ಕೆಲ್ಲ ಅದೇ ಹೆಸರು.

ಕನ್ನಡಕದವನು ಪೆಟ್ಟಿಗೆಯಿಂದ, ರಿಮೋಟಿನ ಮಾತು ಕೇಳಿಸಿಕೊಳ್ಳುವ ರಿಸೀವರನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದ. ಬೆಂಕಿಪೊಟ್ಟಣದಷ್ಟು ಡಬ್ಬಿ, ಅದಕ್ಕೆ ಬೆಕ್ಕಿನ ಮೀಸೆಯಂಥ ಎರಡು ತಂತಿ. "ಆಂಟೆನಾ ಈಗ ಇಷ್ಟೇ ಇಷ್ಟು. ಆಗೆಲ್ಲ ಬಾಲದ ತನಕ ಎಳೆದು ಕಟ್ಟಬೇಕಿತ್ತು."

"ಅಯ್ಯೋ, ಆ ಬಾಲ ಕಂಡರೇ ನನಗೆ ಆಗ್ತಿರಲಿಲ್ಲ" ಎಂದು ಷಡ್ಡಕ ನಕ್ಕ. "ವೈರಣ್ಣನ ಹಳೇ ಹೆಲಿಕಾಪ್ಟರ್ ಇತ್ತಲ್ಲ, ಅದರದ್ದು ಇಷ್ಟುದ್ದ ಹೊರಗೆ ಜೋತಾಡ್ತಿತ್ತು. ನೋಡೋಕೆ ಚೆಂದ ಇಲ್ಲ ಅಂತ ನಾನೇ ಕಟ್ ಮಾಡಿ ಬಿಸಾಕಿದ್ದೆ."

"ಯಾವಾಗ?" ಎಂದು ಕೇಳಿದವನು ಕನ್ನಡಕದವನು.

"ಬಿತ್ತಲ್ಲ, ಅದರ ಹಿಂದಿನ ದಿನವೋ ಏನೋ. ಹಳೇ ಕತೆ ಬಿಡ್ರಿ. ವೈರಣ್ಣ, ಟೀಗೆ ಹೇಳೋ ಮಾರಾಯ."

ಕನ್ನಡಕದವನು ನೆಲ ನೋಡಿದ. ವೈರಣ್ಣ ನಕ್ಕ. ನಗಬೇಕು ಎಂದು ಯೋಚಿಸಿ ನಕ್ಕದ್ದಲ್ಲ. ಮುಖ ತಾನಾಗಿ ಹಾಗೆ ಮಾಡಿತು. ಆಮೇಲೆ ಯೋಚಿಸಿದಾಗ ಆ ನಗು ಎಷ್ಟು ಉಪಯೋಗಕ್ಕೆ ಬಂದಿತೆಂದು ಅವನಿಗೇ ಆಶ್ಚರ್ಯವಾಯಿತು. ಮುಂದೆ ಯಾರಾದರೂ ಕೇಳಿದರೆ ಕನ್ನಡಕದವನು ಹೇಳಬೇಕಾದದ್ದು ಇಷ್ಟೇ: ಆ ಮಾತು ಬಂತು, ವೈರಣ್ಣ ನಕ್ಕುಬಿಟ್ಟ, ಟೀಗೆ ಹೇಳಿದ.

ವರ್ಷಗಳ ಹಿಂದೆ ಹೆಲಿಕಾಪ್ಟರು ಹಾರಿಸುತ್ತಿದ್ದವನು ವೈರಣ್ಣನೇ. ಮೈದಾನದಲ್ಲಿ ಅವನ ಸಮ ಇನ್ನೊಬ್ಬರಿರಲಿಲ್ಲ. ತಲೆಕೆಳಗಾಗಿ ನಿಲ್ಲಿಸಿ, ಹಾಗೆಯೇ ಹಿಂದಕ್ಕೆ ಸರಿಸಿ, ಹೂ ಇಟ್ಟಂತೆ ನೆಲಕ್ಕೆ ಇಳಿಸುತ್ತಿದ್ದ. ಆ ದಿನ ಮೈದಾನದ ತುದಿಯಲ್ಲಿ ಅದು ಒಮ್ಮೆ ತಡವರಿಸಿತು, ಆಮೇಲೆ ಅವನ ಮಾತು ಕೇಳುವುದನ್ನೇ ಬಿಟ್ಟಿತು. ಸೊಟ್ಟಗೆ ತಿರುಗಿ ಬಂದು, ಮರದ ಕೆಳಗೆ ಮಡಚುವ ಕುರ್ಚಿಯಲ್ಲಿ ಕೂತಿದ್ದ ಅವನ ಹೆಂಡತಿಯ ಮೊಣಕಾಲಿಗೆ ಹೊಡೆಯಿತು.

ಹೆಂಡತಿ ಅಂಚೆ ಹಂಚುವವಳು. ಬೀದಿ ಬೀದಿ ನಡೆಯುವುದೇ ಅವಳ ಸಂತೋಷ. ಯಾವ ಮನೆಯ ನಾಯಿ ಬೊಗಳುತ್ತದೆ, ಯಾವ ಮನೆಯ ಮುದುಕಿ ಬಾಗಿಲಲ್ಲೇ ಕಾಯುತ್ತಾಳೆ ಎಂದು ದಿನವೂ ಬಂದು ಹೇಳುತ್ತಿದ್ದಳು. ಮೊಣಕಾಲು ಹೋದ ಮೇಲೆ ಅವಳನ್ನು ಕಚೇರಿಯೊಳಗೆ ಮುದ್ರೆ ಒತ್ತುವ ಕುರ್ಚಿಗೆ ಹಾಕಿದರು. ಅವಳು ಅವನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವನನ್ನು ಅರೆದು ಹಾಕಿತು. ಅಂದು ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಇದೇ ಷಡ್ಡಕ ಅವನ ಹೆಗಲ ಮೇಲೆ ಕೈಯಿಟ್ಟು, "ಕೈ ನಡುಗಿತು ಅನ್ಸುತ್ತೆ, ಯಾರಿಗಾದ್ರೂ ಆಗುತ್ತೆ, ಬೇಜಾರು ಮಾಡ್ಕೋಬೇಡ" ಎಂದಿದ್ದ. ಎಲ್ಲರೂ ಅದನ್ನೇ ಹಿಡಿದುಕೊಂಡರು. ಅವನೂ ನಂಬಿದ. ಅಷ್ಟು ವರ್ಷ ಊಟಕ್ಕೆ ಕೂತಾಗಲೆಲ್ಲ ತನ್ನ ಬಲಗೈಯನ್ನು ಕಳ್ಳನನ್ನು ನೋಡುವಂತೆ ನೋಡಿದ. ರಿಮೋಟು ಮುಟ್ಟಲಿಲ್ಲ. ಬೇರೆಯವರ ಹೆಲಿಕಾಪ್ಟರಿಗೆ ತಂತಿ ಜೋಡಿಸುತ್ತ ವೈರಣ್ಣನಾದ.

ರಿಮೋಟಿನ ಮಾತು ಹಿಡಿಯುವ ಒಂದು ಚೋಟುದ್ದ ತಂತಿ. ಚೆಂದ ಕಾಣಲಿಲ್ಲವಂತೆ.

ಅಂಗಡಿಯ ಬಾಗಿಲು ಎಳೆದು ಮನೆಗೆ ನಡೆಯುವಾಗ ಅವನ ಎದೆಯೊಳಗೆ ಕೆಂಡ ತುಂಬಿದ ಒಲೆಯಿತ್ತು. ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆದ, ಮುಚ್ಚಿದ. ಹೇಳಿದರೆ ಅವಳು ಅಳುತ್ತಾಳೆ, ತಂಗಿಗೆ ಫೋನು ಮಾಡುತ್ತಾಳೆ, ಷಡ್ಡಕ ಹಣ್ಣಿನ ಬುಟ್ಟಿ ಹಿಡಿದು ಬಂದು ಕಾಲಿಗೆ ಬೀಳುವ ನಾಟಕ ಆಡುತ್ತಾನೆ, ಮೂರೇ ದಿನದಲ್ಲಿ ಅದೂ ಒಂದು ತಮಾಷೆಯ ಕತೆಯಾಗುತ್ತದೆ. ಬೇಡ. ಈ ಸಿಟ್ಟನ್ನು ಅವನು ಯಾರಿಗೂ ಹಂಚುವವನಲ್ಲ. ಅದು ಅವನ ಆಸ್ತಿ.

ಉಪಾಯ ಹೊಳೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಷಡ್ಡಕನೇ ಅದನ್ನು ಪ್ರತಿ ಭಾನುವಾರ ಆಡಿ ತೋರಿಸುತ್ತಿದ್ದ. ಹೆಲಿಕಾಪ್ಟರು ಇಳಿದ ಮೇಲೆ ಮೊದಲು ಅದರ ಬ್ಯಾಟರಿ ಕಿತ್ತು, ಆಮೇಲೆ ಕೈಯಲ್ಲಿರುವ ರಿಮೋಟು ಆರಿಸಬೇಕು. ಮಕ್ಕಳೂ ಬಲ್ಲ ಕ್ರಮ. ಷಡ್ಡಕ ಮಾತ್ರ ಇಳಿಸಿದ ಕೂಡಲೇ ರಿಮೋಟು ಆರಿಸಿ, ಕೊರಳಿಗೆ ನೇತುಹಾಕಿಕೊಂಡು, ಚಪ್ಪಾಳೆ ಹೊಡೆದವರಿಗೆ ಕೈ ಬೀಸಿ, ಹೆಲಿಕಾಪ್ಟರಿನ ಮುಂದೆ ಮಂಡಿಯೂರಿ, ರೆಕ್ಕೆಯ ಮೇಲೆಯೇ ಮುಖ ಬಾಗಿಸಿ ಬ್ಯಾಟರಿ ಕೀಳುತ್ತಿದ್ದ. "ಹಾಗೆ ಮಾಡಬೇಡ್ರೀ" ಎಂದು ಕನ್ನಡಕದವನು ಎಲ್ಲರೆದುರು ಎಷ್ಟು ಸಲ ಹೇಳಿದ್ದನೋ. "ಇಷ್ಟು ವರ್ಷ ಏನಾಯ್ತು?" ಎಂಬುದೇ ಉತ್ತರ.

ಏನೂ ಆಗದಿದ್ದುದಕ್ಕೆ ಕಾರಣ ಷಡ್ಡಕನ ಅದೃಷ್ಟವಲ್ಲ, ವೈರಣ್ಣನ ಕೈಕೆಲಸ. ಹೊಸ ರಿಸೀವರನ್ನು ರಿಮೋಟಿಗೆ ಬೈಂಡ್ ಮಾಡುವುದು ಎಂದರೆ ಇಬ್ಬರಿಗೂ ಗಂಟು ಹಾಕುವುದು. ಆಮೇಲೆ ಅದು ಆ ಒಂದು ರಿಮೋಟಿನ ಮಾತು ಬಿಟ್ಟು ಬೇರೆ ಯಾರದ್ದೂ ಕೇಳುವುದಿಲ್ಲ. ಆದರೆ ಗಂಟು ಬೀಳುವ ಆ ಗಳಿಗೆಯಲ್ಲಿ ರಿಸೀವರು ಇನ್ನೊಂದು ವಿಷಯವನ್ನೂ ನೆನಪಿಟ್ಟುಕೊಳ್ಳುತ್ತದೆ: ಮೋಟರಿನ ವೇಗ ಏರಿಸಿ ಇಳಿಸುವ ರಿಮೋಟಿನ ಕಡ್ಡಿ ಆಗ ಎಲ್ಲಿತ್ತು ಎಂದು. ಎಂದಾದರೂ ರಿಮೋಟಿನ ಮಾತು ನಿಂತುಹೋದರೆ ಅದೇ ಅಪ್ಪಣೆ ಎಂದು ಹಾಗೆ ಮಾಡುತ್ತದೆ. ಅದಕ್ಕೇ ಎಲ್ಲರೂ ಮೋಟರಿನ ಕಡ್ಡಿಯನ್ನು ತೀರ ಕೆಳಗಿಳಿಸಿ ಬೈಂಡ್ ಮಾಡುವುದು. ಮಾತು ನಿಂತರೆ ಮೋಟರು ನಿಲ್ಲಲಿ ಎಂದು.

ಅವನು ಕಡ್ಡಿಯನ್ನು ಮೇಲಕ್ಕೆ ತಳ್ಳಿ ಬೈಂಡ್ ಮಾಡುತ್ತಾನೆ. ಅಷ್ಟೇ ಅಪರಾಧ. ವಿಷವಿಲ್ಲ, ಚಾಕುವಿಲ್ಲ, ಕತ್ತರಿಸಿದ ತಂತಿಯೂ ಇಲ್ಲ. ಹಾರುವಾಗ ಹೆಲಿಕಾಪ್ಟರು ಬಂಗಾರದಂತೆ ಹಾರುತ್ತದೆ. ಇಳಿಯುತ್ತದೆ. ಷಡ್ಡಕ ರಿಮೋಟು ಆರಿಸುವ ಆ ಕ್ಷಣ ಅದರೊಳಗೆ ಮಾತು ನಿಲ್ಲುತ್ತದೆ. ರೆಕ್ಕೆ ಪೂರ್ತಿ ವೇಗಕ್ಕೆ ಏಳುವುದು ಷಡ್ಡಕ ಅದರ ಮೇಲೆ ಬಾಗುವ ಹೊತ್ತಿಗೆ ಸರಿಹೋಗಬೇಕು; ಅದನ್ನೂ ಕೂತು ಹೊಂದಿಸಿದ. ಮೋಟರು ತಡೆದು, ನಿಧಾನಕ್ಕೆ ಏಳುವ ಹಾಗೆ ಮಾಡುವ ಒಂದು ಏರ್ಪಾಡಿತ್ತು. ಅದು ಎಷ್ಟು ತಡೆಯಬೇಕು ಎಂಬುದು ಜೋಡಿಸುವವನ ಇಷ್ಟ. ಷಡ್ಡಕ ತನ್ನ ಹಳೆಯ ಹೆಲಿಕಾಪ್ಟರನ್ನು ಇಳಿಸಿ ಅದರತ್ತ ನಡೆದು ಬರುವ ದೂರವನ್ನು ಮೂರು ಭಾನುವಾರ ಬೇಲಿಗೊರಗಿ ನೋಡಿ ಅಂದಾಜು ಮಾಡಿಕೊಂಡ. ಆಮೇಲೆ ಎಲ್ಲರೂ ಹೇಳುವ ಮಾತು ಗೊತ್ತೇ ಇದೆ: ನಾವು ಹೇಳಿದ್ದೆವು, ಕೇಳಲಿಲ್ಲ. ಕಣ್ಣು ಹೋಗಬಹುದು, ಮುಖ ಹೋಗಬಹುದು, ಜೀವವೇ ಹೋಗಬಹುದು. ಯಾವುದಾದರೂ ಸರಿ ಎಂದು ಅವನು ತಣ್ಣಗೆ ಒಪ್ಪಿಕೊಂಡ.

ಒಂದು ಮಧ್ಯಾಹ್ನ ಮನೆಯ ಹಿಂದಿನ ಕೋಣೆಯಲ್ಲಿ ಕೆಲಸ ಮುಗಿಸಿದ. ಇಷ್ಟು ಚೆಂದದ ಕೆಲಸ ಅವನು ಹಿಂದೆಂದೂ ಮಾಡಿರಲಿಲ್ಲ. ಕಂದು, ಕೆಂಪು, ಕಿತ್ತಳೆ ತಂತಿಗಳನ್ನು ಜಡೆ ಹೆಣೆದಂತೆ ಹೆಣೆದ. ರಿಸೀವರು ನಡುಗದ ಹಾಗೆ ಕೆಳಗೆ ಸ್ಪಂಜು ಕೊಟ್ಟು, ಅಂಟುಪಟ್ಟಿಯಿಂದ ಕೂರಿಸಿ, ಮೇಲೊಂದು ಪಟ್ಟಿ ಬಿಗಿದ. ಆ ಎರಡು ಮೀಸೆಗಳನ್ನು ಸಣ್ಣ ಕೊಳವೆಗಳಲ್ಲಿ ತೂರಿಸಿ, ಒಂದು ಅಡ್ಡ, ಒಂದು ನೆಟ್ಟಗೆ ನಿಲ್ಲಿಸಿದ. ಅವಕ್ಕೆ ಕತ್ತರಿ ತಾಗಿಸಲಿಲ್ಲ. ಮೋಟರಿನ ತಂತಿಗಳನ್ನು ಬಿಚ್ಚಿಟ್ಟು, ರಿಸೀವರಿನ ಗುಂಡಿ ಒತ್ತಿ ಹಿಡಿದು ಬ್ಯಾಟರಿ ಕೊಟ್ಟಾಗ ಕೆಂಪು ದೀಪ ಪಟಪಟ ಮಿನುಗಿತು.

ಹೆಂಡತಿ ಕಾಲೆಳೆಯುತ್ತ ಟೀ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಏನದು, ಅಷ್ಟು ಗಾಬರಿಯಾಗಿ ಕಣ್ಣು ಹೊಡೀತಿದೆ?"

"ಇನ್ನೂ ಯಾರ ಮಾತು ಕೇಳಬೇಕು ಅಂತ ಗೊತ್ತಾಗಿಲ್ಲ ಅದಕ್ಕೆ. ಈಗ ಇದನ್ನ ರಿಮೋಟಿಗೆ ಬೈಂಡ್ ಮಾಡ್ತೀನಿ. ಆಮೇಲೆ ಸುಮ್ಮನಾಗುತ್ತೆ."

"ಮದುವೆ ಮಾಡಿಸ್ತೀನಿ ಅನ್ನಿ." ಅವಳು ಬಾಗಿಲಿಗೆ ಒರಗಿ ನಿಂತಳು. "ರಿಮೋಟು ಮಾತು ಬಿಟ್ಟರೆ ಅದೇನು ಮಾಡುತ್ತೆ ಪಾಪ?"

"ತೆಪ್ಪಗೆ ಕೂರುತ್ತೆ."

"ನಿಮ್ಮ ಹಾಗೆ" ಎಂದು ನಕ್ಕು ಅವಳು ಹೋದಳು. ಅವಳ ಹೆಜ್ಜೆ ಅಡುಗೆಮನೆ ಮುಟ್ಟುವ ತನಕ ಕಾದು, ಅವನು ಹೆಬ್ಬೆರಳಿನಿಂದ ಕಡ್ಡಿಯನ್ನು ಮೇಲಕ್ಕೆ ತಳ್ಳಿ ರಿಮೋಟು ಹಚ್ಚಿದ. ದೀಪ ಮಿನುಗುವುದನ್ನು ಬಿಟ್ಟು ನಿಂತು ಉರಿಯಿತು. ಅವನ ಕೈ ನಡುಗಲಿಲ್ಲ. ಅದನ್ನು ಅವನು ಬೇಕೆಂದೇ ಗಮನಿಸಿದ. ಈ ಕೈ ಎಂದೂ ನಡುಗಿದ ಕೈಯಲ್ಲ.

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಹುಲ್ಲಿನ ತೇವ ಇನ್ನೂ ಆರಿರಲಿಲ್ಲ. ಹಿಂದಿನ ಸಂಜೆಯೇ ಷಡ್ಡಕ ಬಂದು ಹೆಲಿಕಾಪ್ಟರನ್ನು ಒಯ್ದಿದ್ದ. ತನ್ನ ಜಾಗ ಯಾವುದೆಂದು ವೈರಣ್ಣ ಮೊದಲೇ ಗೊತ್ತುಮಾಡಿಕೊಂಡಿದ್ದ: ಬೇಲಿಯ ಹತ್ತಿರ, ಕನ್ನಡಕದವನ ಪಕ್ಕ, ಕೈಯಲ್ಲಿ ಟೀ ಲೋಟ. ಏನೇ ಆದರೂ ಎಷ್ಟೋ ದೂರದಲ್ಲಿ, ಕಾರ್ಯದರ್ಶಿಯ ಜೊತೆಯಲ್ಲೇ ನಿಂತಿದ್ದವನು. ಆ ತುದಿಯಲ್ಲಿ ಯಾರೋ ಪೆಟ್ರೋಲ್ ವಿಮಾನದ ಎಂಜಿನನ್ನು ಗುರ್ರೆನ್ನಿಸಿ ಪಳಗಿಸುತ್ತಿದ್ದರು. ಮೈದಾನವೆಲ್ಲ ಅದರ ಸದ್ದು, ಅದರ ಹೊಗೆ.

ಷಡ್ಡಕನ ಕಾರು ಬಂತು. ಅವನ ಬದಿಯ ಬಾಗಿಲು ಮೊದಲು ತೆರೆಯಿತು. ಆಮೇಲೆ ಇನ್ನೊಂದು. ಅದರಿಂದ ವೈರಣ್ಣನ ಹೆಂಡತಿ ಇಳಿದಳು.

ಕಾಲು ಪೆಟ್ಟಾದ ದಿನದಿಂದ ಅವಳು ಈ ಮೈದಾನಕ್ಕೆ ಬಂದವಳೇ ಅಲ್ಲ. ವೈರಣ್ಣ ಲೋಟವನ್ನು ಕೆಳಗಿಡಲು ಮರೆತು ಹಾಗೆಯೇ ಹೋದ.

"ಎಲ್ಲಾ ಹೇಳಿದ" ಎಂದಳು ಅವಳು. ಕಣ್ಣು ಕೆಂಪಾಗಿತ್ತು, ದನಿ ನೆಟ್ಟಗಿತ್ತು. "ತಂತಿ ಕತ್ತರಿಸಿದ್ದು. ಮನೆಗೆ ಬಂದು ಹೇಳಿದ, ನೀವು ಈ ಕಡೆ ಹೊರಟ ಮೇಲೆ. ನಿಮಗೆ ಗೊತ್ತಿತ್ತಂತೆ?"

"ಗೊತ್ತಿತ್ತು."

"ನನಗೊಂದು ಮಾತು ಹೇಳೋಕಾಗಲಿಲ್ವ?"

ಅಷ್ಟರಲ್ಲಿ ಷಡ್ಡಕ ನಡುವೆ ಬಂದ. ಅವನ ನಗು ಇರಲಿಲ್ಲ. ನಗುವಿಲ್ಲದ ಆ ಮುಖ ಗುರುತೇ ಸಿಗದಂತೆ ಸಣ್ಣದಾಗಿತ್ತು. "ನಾನು ಅಂಗಡೀಲಿ ಬಾಯಿಗೆ ಬಂದಂಗೆ ಅಂದುಬಿಟ್ಟೆ. ನೀನು ನಕ್ಕೆ. ಆಮೇಲೆ ಮನೇಲಿ ಕೂತು ಯೋಚನೆ ಮಾಡ್ದಾಗ ತಲೆಗೆ ಹೋಯ್ತು, ಅದರಿಂದಲೇ ಅದು ಬಿದ್ದದ್ದು ಅಂತ. ಇಷ್ಟು ದಿನ ನಿದ್ದೆ ಮಾಡಿಲ್ಲ ಕಣಣ್ಣ. ಬೈಯ್ಯಿ, ಹೊಡಿ, ಏನಾದ್ರೂ ಮಾಡು."

ಷಡ್ಡಕ ವೈರಣ್ಣ ಎನ್ನಲಿಲ್ಲ, ಬರೀ ಅಣ್ಣ ಎಂದ. ಅದಕ್ಕೆ ವೈರಣ್ಣನ ಸಿಟ್ಟು ಇನ್ನೂ ಏರಿತು. ಕ್ಷಮೆ ಕೇಳುವುದರಲ್ಲೂ ಇವನೇ ಮೊದಲು. ಇಷ್ಟು ವರ್ಷ ಕದ್ದಿದ್ದನ್ನು ಒಂದು ಬೆಳಿಗ್ಗೆ ಹಿಂದಕ್ಕೆ ಕೊಟ್ಟು ಕೈ ತೊಳೆದುಕೊಳ್ಳುವುದಕ್ಕೆ ಬಂದಿದ್ದಾನೆ. "ಹಾರಿಸು ಹೋಗು. ಆಮೇಲೆ ಮಾತಾಡೋಣ" ಎಂದಷ್ಟೇ ಹೇಳಿ ಬೇಲಿಗೆ ಹಿಂತಿರುಗಿದ. ಲೋಟದ ಟೀ ತುಳುಕಿರಲಿಲ್ಲ.

ಹೆಲಿಕಾಪ್ಟರನ್ನು ಮೈದಾನದ ನಡುವೆ ಇಟ್ಟರು. ಷಡ್ಡಕ ಬ್ಯಾಟರಿ ಸಿಕ್ಕಿಸಿದ, ವೈರಣ್ಣನ ಹೆಂಡತಿಗೆ ಏನೋ ತೋರಿಸಿ ಹೇಳಿದ. ಅವಳು ಕುಂಟುತ್ತ ಹೋಗಿ ಹೆಲಿಕಾಪ್ಟರಿನ ಪಕ್ಕ ಕಷ್ಟಪಟ್ಟು ಕೂತು, ಅದರ ಕಾಲುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಪರವಾಗಿಲ್ವೇ, ರೇಂಜ್ ಟೆಸ್ಟ್ ಮಾಡ್ತಿದ್ದಾನೆ" ಎಂದ ಕನ್ನಡಕದವನು. "ಬೆಳಿಗ್ಗೆ ನನಗೆ ಫೋನ್ ಮಾಡಿ ಹೇಗೆ ಮಾಡೋದು ಅಂತ ಕೇಳ್ದ. ಆವತ್ತು ಒಂದು ಸಲ ಮಾಡಿದ್ರೆ ಅಕ್ಕನ ಕಾಲು ಉಳೀತಿತ್ತು, ಇನ್ನು ಮೇಲೆ ಬಿಡಲ್ಲ ಅಂದ. ಅವರೇ ಹಿಡ್ಕೋತೀನಿ ಅಂದರಂತೆ."

ಹೊಸ ರಿಸೀವರು ಕೂರಿಸಿದ ಮೇಲೆ ಮಾಡಬೇಕಾದ ಪರೀಕ್ಷೆ ಅದು. ಒಬ್ಬರು ಹೆಲಿಕಾಪ್ಟರು ಹಿಡಿದು ಕೂರುತ್ತಾರೆ. ಇನ್ನೊಬ್ಬರು ರಿಮೋಟಿನ ಶಕ್ತಿಯನ್ನು ಬೇಕೆಂದೇ ಕುಗ್ಗಿಸಿ, ಅದರ ದನಿ ಎಲ್ಲಿಯ ತನಕ ಕೇಳುತ್ತದೆ ಎಂದು ನೋಡಲು ದೂರ ದೂರ ನಡೆಯುತ್ತಾರೆ. ಆ ಮೈದಾನದಲ್ಲಿ ಅದನ್ನು ಎಲ್ಲರೂ ಬಿಟ್ಟು ಕಾಲವಾಗಿತ್ತು. ಮಾತು ನಿಲ್ಲುವುದಕ್ಕೆ ರಿಮೋಟು ಆರಿಸಲೇಬೇಕೆಂದಿಲ್ಲ. ದನಿ ಮುಟ್ಟದಷ್ಟು ದೂರ ಹೋದರೂ ಸಾಕು.

ಷಡ್ಡಕ ಹಿಮ್ಮುಖವಾಗಿ ನಡೆಯತೊಡಗಿದ. ನಿಲ್ಲುತ್ತಾನೆ, ಎಂದುಕೊಂಡ ವೈರಣ್ಣ. ಪರೀಕ್ಷೆಯ ಗೆರೆ ಅಲ್ಲಿ ನೆಟ್ಟ ಗುರುತಿನ ಕಲ್ಲಿನವರೆಗೆ ಮಾತ್ರ, ಅಲ್ಲಿಯ ತನಕ ದನಿ ಮುಟ್ಟುತ್ತದೆ, ಅಲ್ಲಿ ನಿಲ್ಲುತ್ತಾನೆ. ತನ್ನ ಜೋಡಣೆ ಅಷ್ಟು ಚೆನ್ನಾಗಿದೆ. ಈಗ ಕೂಗಿದರೆ ಎಲ್ಲ ಬಯಲು. ಷಡ್ಡಕ ಕಲ್ಲು ಮುಟ್ಟಿದ. ಹೆಂಡತಿ ಒಂದು ಕೈಯೆತ್ತಿ, ಸರಿ ಇದೆ ಎಂದು ತೋರಿಸಿದಳು. ಷಡ್ಡಕ ತಲೆಯಾಡಿಸಿ, ಕಲ್ಲು ದಾಟಿ, ಇನ್ನೂ ಹಿಂದಕ್ಕೆ ಹೆಜ್ಜೆ ಹಾಕಿದ. ಎಂದೂ ಮಾಡದೆ ಬಿಟ್ಟಿದ್ದನ್ನು ಇಂದು ಎರಡರಷ್ಟು ಮಾಡಿ ತೀರಿಸುವವನಂತೆ.

ಲೋಟ ಬಿತ್ತು. ವೈರಣ್ಣ ಓಡಿದ. "ನಿಲ್ಲು, ನಿಲ್ಲೋ" ಎಂದು ಕೂಗಿದ್ದು ಪೆಟ್ರೋಲ್ ಎಂಜಿನಿನ ಸದ್ದಿನಲ್ಲಿ ಅವನ ಕಿವಿಗೇ ಕೇಳಲಿಲ್ಲ. ಕೈ ಬೀಸಿದ, ಷಡ್ಡಕ ಅದನ್ನು ಕಂಡು, ಇನ್ನೂ ಹೋಗು ಎನ್ನುತ್ತಿದ್ದಾನೆಂದು ತಿಳಿದು, ಇನ್ನಷ್ಟು ಹೋದ. ವೈರಣ್ಣ ಒದ್ದೆ ಹುಲ್ಲಿನಲ್ಲಿ ಕಾಲು ಜಾರಿ ಒಮ್ಮೆ ಬಿದ್ದು ಎದ್ದ. ಮುಂದೆ ರೆಕ್ಕೆ ಅಲುಗಿತು, ಒಂದು ಸುತ್ತು ಬಂತು, ಆಮೇಲೆ ಬರೀ ಬೂದುಬಣ್ಣದ ತಟ್ಟೆಯಾಯಿತು. ಹೆಲಿಕಾಪ್ಟರು ಅವಳ ಹಿಡಿತದಲ್ಲಿ ಕುಣಿಯತೊಡಗಿತ್ತು. ಅವನು ಹೆಗಲಿನಿಂದ ಅವಳನ್ನು ಆಚೆಗೆ ದೂಡಿ, ಅಡ್ಡಬಿದ್ದು ಬ್ಯಾಟರಿಗೆ ಬಲಗೈ ಹಾಕಿದ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಲಗೈ ಬಟ್ಟೆಯ ಉಂಡೆಯಾಗಿತ್ತು. ಕಿರುಬೆರಳೂ ಅದರ ಪಕ್ಕದ್ದೂ ಇಲ್ಲ ಎಂದು ಡಾಕ್ಟರು ಹೇಳಿದರು. ಹೆಂಡತಿಗೆ ತರಚು ಗಾಯ ಕೂಡ ಇಲ್ಲ. ಅವನು ಕಣ್ಣು ಮುಚ್ಚಿ, ಮೋಟರಿನ ಸುತ್ತುಗಳನ್ನು ಪರೀಕ್ಷಿಸುವಂತೆ ತಾನು ಸಿಕ್ಕಿಬೀಳಬಹುದಾದ ದಾರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಹೆಲಿಕಾಪ್ಟರು ಅವನ ಮೈಕೆಳಗೆ ನುಗ್ಗಾಗಿತ್ತು, ರಿಸೀವರು ಒಡೆದು ಎರಡಾಗಿತ್ತು. ಅದರ ನೆನಪನ್ನು ಇನ್ನು ಯಾರೂ ಕೇಳಲಾರರು. ಪೊಲೀಸಿನವನು ಬಂದು, ಯಂತ್ರದ ದೋಷ ಎಂದು ಬರೆದುಕೊಂಡು ಹೋದ. ಕನ್ನಡಕದವನು ವೈರಣ್ಣ ಓಡಿದಾಗ ಕನ್ನಡಕ ತೆಗೆದು ಒರೆಸುತ್ತಿದ್ದನಂತೆ; ಕಣ್ಣಿಗಿಡುವ ಹೊತ್ತಿಗೆ ಎಲ್ಲ ಆಗಿಹೋಗಿತ್ತು. ಷಡ್ಡಕ ಮಂಚದ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. "ನಾನೇ ಜಾಸ್ತಿ ದೂರ ಹೋದೆ. ಅಕ್ಕನ್ನ ನೀನು ಉಳಿಸಿದೆ." ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ಪಕ್ಕದ ಮಂಚದವನು ತನ್ನ ಕಡೆಯವರಿಗೆ ಅವನನ್ನು ಬೆರಳು ಮಾಡಿ ತೋರಿಸಿ ಕತೆ ಹೇಳುತ್ತಿದ್ದ. ಅಪರಾಧ ಗುರಿ ತಪ್ಪಿತ್ತು, ಆದರೆ ಅಂಥದೊಂದು ಇತ್ತೆಂದು ಲೋಕದಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಸಿಟ್ಟು ಕೂಡ ಬೆರಳಿನ ಜೊತೆಗೇ ಹೋದ ಹಾಗಿತ್ತು. ಮನೆಗೆ ಹೋದ ಮೇಲೆ ಇವಳ ಹತ್ತಿರ ನಿಧಾನವಾಗಿ ಕೂತು ಮಾತಾಡಬೇಕು ಎಂದುಕೊಂಡ.

ಗುರುವಾರ ಮಧ್ಯಾಹ್ನ ಅವಳು ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದಳು. ತಲೆಯೆತ್ತದೆ, "ಆವತ್ತು ಎಲ್ಲರೂ ಅವನ ಕಡೆ ನೋಡ್ತಿದ್ದರು. ನಾನು ನಿಮ್ಮನ್ನ ನೋಡ್ತಿದ್ದೆ" ಎಂದಳು. "ಅಷ್ಟು ವರ್ಷ ನಿಮ್ಮ ಕೈದೇ ತಪ್ಪು ಅಂದುಕೊಂಡಿದ್ದೆನಲ್ಲ, ಹೇಗೆ ಮುಖ ತೋರಿಸಲಿ ಅಂತ ನಿಮ್ಮನ್ನೇ ನೋಡ್ತಿದ್ದೆ. ನೀವು ಲೋಟ ಬಿಟ್ಟು ಓಡೋಕೆ ಶುರು ಮಾಡಿದಾಗ ರೆಕ್ಕೆ ನಿಂತಿತ್ತು. ಅರ್ಧ ದಾರಿ ಬಂದು ಬಿದ್ದು ಎದ್ದಿರಿ ನೋಡಿ, ಅದು ತಿರುಗಿದ್ದು ಆಮೇಲೆ. ತಿರುಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು." ಅವಳು ಕಾದಳು. ಆಮೇಲೆ ಸುಲಿದ ಹಣ್ಣನ್ನು ಅವನ ಎಡಗೈಗೆ ಸಿಗುವ ಹಾಗೆ ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಪೊಲೀಸಿಗೆ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಅವನನ್ನು ಬಿಟ್ಟು ಅವಳು ಹೊರಟುಹೋದದ್ದು ಆ ಗುರುವಾರ, ಕಂಡು ಮಾತಾಡಿಸಲು ಬಂದವರು ಇನ್ನೂ ಅವನನ್ನು ಹೊಗಳುತ್ತಿದ್ದಾಗಲೇ.